ಡೀಸೆಲ್ ಅನ್ನೋದು ಒಬ್ಬ ಮನುಷ್ಯನ ಹೆಸರು

ನಾನು ಸಮೀರವಾಡಿಯವನು. ಸಮುದ್ರವನ್ನ ಮೊದಲು ಕಣ್ಣಾರೆ ಕಂಡಿದ್ದು 19ನೇ ವಯಸ್ಸಿಗೆ. ನಮ್ಮ ಕಡೆ ನೀರು ಅಂದ್ರೆ ಬಾವಿ, ಕಾಲುವೆ, ಮಳೆಗಾಲದಲ್ಲಿ ಕೆಂಪಗೆ ತುಂಬಿ ಹರಿಯೋ ಘಟಪ್ರಭಾ, ಅಷ್ಟೇ. ಆದರೂ ಕಳೆದ 15 ವರ್ಷದಿಂದ ನಾನು ದುಡಿಯೋದು ಹಡಗಿನ ಇಂಜಿನ್ ರೂಮಿನಲ್ಲಿ. ವರ್ಷದಲ್ಲಿ ಆರೇಳು ತಿಂಗಳು ನೀರಿನ ಮೇಲೆ, ಉಳಿದ ತಿಂಗಳು ಊರಲ್ಲಿ.

ಇಂಜಿನ್ ಜೊತೆಗಿನ ನನ್ನ ನಂಟು ಶುರುವಾಗಿದ್ದು ಮಾತ್ರ ಹಡಗಿನಲ್ಲಲ್ಲ, ನಮ್ಮ ಹೊಲದ ಬಾವಿಯ ಮೇಲೆ. ಅಪ್ಪನ ಹತ್ತಿರ ಐದು ಎಚ್‌ಪಿಯ ಒಂದು ಆಯಿಲ್ ಇಂಜಿನ್ ಇತ್ತು. ಹ್ಯಾಂಡಲ್ ಹೊಡೆದು ಚಾಲೂ ಮಾಡಬೇಕು. ಸ್ವಲ್ಪ ಎಚ್ಚರ ತಪ್ಪಿದರೆ ಹ್ಯಾಂಡಲ್ ತಿರುಗಿ ಬಂದು ಕೈ ಮುರೀತಿತ್ತು. ಅಪ್ಪ ಹೊಗೆ ನೋಡಿಯೇ ಇಂಜಿನ್‌ನ ಆರೋಗ್ಯ ಹೇಳ್ತಿದ್ದ. ಹೊಗೆ ಕರ್ರಗಾದರೆ ಉಂಡದ್ದು ಅರಗಿಲ್ಲ, ನೀಲಿಯಾದರೆ ಕೀಲೆಣ್ಣೆಯನ್ನೇ ತಿನ್ನಾಕತ್ತೈತಿ, ಬೆಳ್ಳಗಾದರೆ ಮೈ ಇನ್ನೂ ಕಾದಿಲ್ಲ ಇಲ್ಲಾ ಒಳಗೆ ನೀರು ಹೊಕ್ಕೈತಿ. ಮುಂದೆ ಕಾಲೇಜಿನಲ್ಲಿ ದಪ್ಪ ದಪ್ಪ ಪುಸ್ತಕ ಓದಿ ಪಾಸಾದ ಮೇಲೂ ಇದಕ್ಕಿಂತ ಬೇರೆಯದೇನನ್ನೂ ನಾನು ಕಲಿಯಲಿಲ್ಲ ಅನ್ನಿಸುತ್ತೆ. ಕಪ್ಪು ಹೊಗೆ ಅಂದ್ರೆ ಗಾಳಿ ಸಾಲದೆ ಪೂರ್ತಿ ಸುಡದೆ ಉಳಿದ ಎಣ್ಣೆ. ನೀಲಿ ಅಂದ್ರೆ ಸವೆದ ರಿಂಗಿನ ಸಂದಿನಿಂದ ಒಳಗೆ ನುಗ್ಗಿದ ಲೂಬ್ರಿಕೇಶನ್ ಆಯಿಲ್. ಭಾಷೆ ಬೇರೆ, ವಿಷಯ ಅದೇ.

ಈ ಸಲ ರಜೆಗೆ ಬಂದಾಗ ಊರು ಇನ್ನೂ ಕುದೀತಾ ಇತ್ತು. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಮುಧೋಳ ಭಾಗದ ರೈತರು ಬೀದಿಗಿಳಿದಿದ್ದು, ಸಮೀರವಾಡಿ ಕಾರ್ಖಾನೆ ಬಳಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಹೊತ್ತಿ ಉರಿದಿದ್ದು ನಿಮಗೆ ನೆನಪಿರಬಹುದು. ಮನೆ ಕಟ್ಟೆ ಮೇಲೆ ಕೂತು ಹುಡುಗರು ವಾದ ಮಾಡ್ತಿದ್ದರು. ಡೀಸೆಲ್ ಕಾಲ ಮುಗೀತು, ಇನ್ನೇನಿದ್ದರೂ ಎಥೆನಾಲ್, ನಮ್ಮ ಕಬ್ಬಿಗೆ ಬಂಗಾರದ ಬೆಲೆ ಬರುತ್ತೆ ಅಂತ ಒಬ್ಬ. ಎಥೆನಾಲ್‌ನ ಲಾಭ ಕಾರ್ಖಾನೆಗೆ, ಕಂಪನಿಗೆ. ಬೆಳೆದವನಿಗೆ ಏನೂ ಇಲ್ಲ ಅಂತ ಇನ್ನೊಬ್ಬ. ನಾನು ಸುಮ್ಮನೆ ಕೇಳ್ತಾ ಕೂತೆ. ಇಬ್ಬರ ಮಾತಿನಲ್ಲೂ ಇಂಜಿನ್ ಬಂತು, ಎಣ್ಣೆ ಬಂತು, ಬೆಲೆ ಬಂತು. ಇಂಜಿನ್ ಪಕ್ಕ ನಿಂತು ಅದನ್ನ ಓಡಿಸೋ ಮನುಷ್ಯ ಮಾತ್ರ ಬರಲೇ ಇಲ್ಲ.

ಅದಕ್ಕೇ ಈ ಬರಹ. ನಮ್ಮ ಹಳ್ಳಿಗಳಲ್ಲಿ ದಿನಾ ನೂರು ಸಲ ಬಾಯಿಗೆ ಬರುವ ಒಂದು ಹೆಸರಿದೆ. ಅದು ಒಬ್ಬ ಮನುಷ್ಯನ ಹೆಸರು ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ರುಡಾಲ್ಫ್ ಡೀಸೆಲ್.

ಗಡೀಪಾರಾದ ಹುಡುಗ

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಜರ್ಮನ್ನರು. ಅಪ್ಪ ತೆಯೋಡೋರ್ ಪುಸ್ತಕಕ್ಕೆ ರಟ್ಟು ಕಟ್ಟುವ, ಚರ್ಮದ ವಸ್ತು ಮಾಡುವ ಕಸುಬುದಾರ. ದುಡ್ಡಿಗೆ ಯಾವಾಗಲೂ ತಾಪತ್ರಯ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಹತ್ತಿಕೊಂಡಾಗ ಪ್ಯಾರಿಸ್‌ನಲ್ಲಿದ್ದ ಜರ್ಮನ್ನರು ರಾತ್ರೋರಾತ್ರಿ ಶತ್ರುಗಳಾಗಿಬಿಟ್ಟರು. ತಾವೇ ಕಟ್ಟಿದ ಬದುಕು ಬಿಟ್ಟು ಕುಟುಂಬ ಲಂಡನ್ನಿಗೆ ಓಡಬೇಕಾಯ್ತು. ಆಗ ಅವನಿಗೆ 12 ವರ್ಷ. ಲಂಡನ್ನಿನಲ್ಲಿ ಎಲ್ಲರಿಗೂ ಅನ್ನ ಹುಟ್ಟೋದು ಕಷ್ಟವಾದಾಗ ಹುಡುಗನನ್ನ ಒಬ್ಬನೇ ಜರ್ಮನಿಯ ಆಗ್ಸ್‌ಬರ್ಗ್‌ಗೆ, ಬಂಧುಗಳ ಮನೆಗೆ ಕಳಿಸಿದರು. ಆ ಮನೆಯ ಯಜಮಾನ ಗಣಿತದ ಮೇಷ್ಟ್ರು. ಹುಡುಗನಿಗೆ ಯಂತ್ರದ ಹುಚ್ಚು ಹತ್ತಿದ್ದು ಅಲ್ಲೇ.

ಮುಂದೆ ಸ್ಕಾಲರ್‌ಶಿಪ್ ಮೇಲೆ ಮ್ಯೂನಿಕ್‌ನ ತಾಂತ್ರಿಕ ಕಾಲೇಜು. ಅಲ್ಲಿ ಪಾಠ ಮಾಡ್ತಿದ್ದದ್ದು ಕಾರ್ಲ್ ಫೊನ್ ಲಿಂಡೆ, ಇವತ್ತಿನ ಫ್ರಿಜ್ಜು, ಕೋಲ್ಡ್ ಸ್ಟೋರೇಜುಗಳ ಹಿಂದಿನ ಮೂಲ ಪುರುಷರಲ್ಲಿ ಒಬ್ಬ. ಉಗಿ ಇಂಜಿನ್ನು ಸುಡುವ ಕಲ್ಲಿದ್ದಲಿನ ಶಾಖದಲ್ಲಿ ಕೆಲಸಕ್ಕೆ ಬರೋದು ನೂರರಲ್ಲಿ ಹತ್ತರ ಆಸುಪಾಸು ಮಾತ್ರ, ಉಳಿದದ್ದೆಲ್ಲ ಗಾಳಿಪಾಲು ಅನ್ನೋದನ್ನ ಆ ತರಗತಿಯಲ್ಲಿ ಕೇಳಿದ ರುಡಾಲ್ಫ್ ಅದನ್ನ ತಲೆಯಿಂದ ತೆಗೆಯಲೇ ಇಲ್ಲ. 1879ರಲ್ಲಿ ಟೈಫಾಯಿಡ್ ಬಂದು ಪರೀಕ್ಷೆ ತಪ್ಪಿತು. 1880ರ ಜನವರಿಯಲ್ಲಿ ಬರೆದು ಬಹಳ ಒಳ್ಳೆಯ ಅಂಕ ತಗೊಂಡು ಪಾಸಾದ. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಲಿಂಡೆಯ ಐಸ್ ಯಂತ್ರಗಳ ಕಂಪನಿಯಲ್ಲಿ ನೌಕರಿ ಮಾಡಿದ. ಹಗಲು ಐಸು, ರಾತ್ರಿ ಇಂಜಿನ್ನಿನ ಲೆಕ್ಕ.

ಆ ಲೆಕ್ಕ ಕೇಳೋಕೆ ಸರಳ. ಸೈಕಲ್ ಟೈರಿಗೆ ಪಂಪು ಹೊಡೆದು ನೋಡಿ, ಪಂಪಿನ ಬುಡ ಬಿಸಿಯಾಗುತ್ತೆ. ಗಾಳಿ ಒತ್ತಿದರೆ ಕಾಯುತ್ತೆ. ಇನ್ನೂ ಒತ್ತಿದರೆ ಎಷ್ಟು ಕಾಯುತ್ತೆ ಅಂದ್ರೆ ಅದರೊಳಗೆ ಎಣ್ಣೆ ಬಿಟ್ಟ ಕ್ಷಣ ತಾನೇ ಹೊತ್ತಿಕೊಳ್ಳುತ್ತೆ. ಕಿಡಿ ಬೇಡ, ಬೆಂಕಿಕಡ್ಡಿ ಬೇಡ. ಒತ್ತಡ ಹೆಚ್ಚಿದಷ್ಟೂ ಅದೇ ಎಣ್ಣೆಯಿಂದ ಹೆಚ್ಚು ಕೆಲಸ ತೆಗೀಬಹುದು. 1893ರ ಫೆಬ್ರವರಿಯಲ್ಲಿ ಇದಕ್ಕೆ ಜರ್ಮನಿಯ ಪೇಟೆಂಟ್ ಸಿಕ್ಕಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ದುಡ್ಡು ಹಾಕಲು ಒಪ್ಪಿದವು.

ಟೋಪಿ ತೆಗೆದ ಫಿಟ್ಟರ್

1893ರ ಆಗಸ್ಟ್ 10. ಮೊದಲ ಪ್ರಯೋಗ. ಹೊರಗಿನಿಂದ ಬೆಲ್ಟ್ ಹಾಕಿ ತಿರುಗಿಸುತ್ತಿದ್ದ ಇಂಜಿನ್ನಿಗೆ ಎಣ್ಣೆ ಬಿಟ್ಟರು. ಢಮ್ಮೆಂದಿತು. ಒತ್ತಡ ಅಳೆಯಲು ಕೂರಿಸಿದ್ದ ಉಪಕರಣವೇ ಒಡೆದು ಸಿಡಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತೆ ಅನ್ನೋದು ಸಾಬೀತಾಯ್ತು. ಈ ಯಂತ್ರ ಯಾರ ಮುಲಾಜೂ ಇಟ್ಟುಕೊಳ್ಳೋದಿಲ್ಲ ಅನ್ನೋದೂ ಅವತ್ತೇ ಸಾಬೀತಾಯ್ತು.

ಇಂಜಿನ್ ತಾನಾಗಿಯೇ ಓಡಿದ್ದು 1894ರ ಫೆಬ್ರವರಿ 17ರಂದು, ಬರೀ ಒಂದು ನಿಮಿಷ. ಆ ದಿನದ ಒಂದು ಸಂಗತಿ ನನಗೆ ಬಹಳ ಹತ್ತಿರದ್ದು. ಇಂಜಿನ್ನನ್ನ ತಿರುಗಿಸುತ್ತಿದ್ದ ಬೆಲ್ಟಿನ ಎಳೆತ ಬದಲಾಯ್ತು. ಅಂದ್ರೆ ಇನ್ನು ಬೆಲ್ಟು ಇಂಜಿನ್ನನ್ನ ಎಳೀತಿಲ್ಲ, ಇಂಜಿನ್ನೇ ಬೆಲ್ಟನ್ನ ಎಳೀತಿದೆ. ಅದನ್ನ ಮೊದಲು ಗಮನಿಸಿದ್ದು ಡೀಸೆಲ್ ಅಲ್ಲ, ಪಕ್ಕದಲ್ಲಿದ್ದ ಲಿಂಡರ್ ಅನ್ನೋ ಫಿಟ್ಟರ್. ಅವನು ಏನೂ ಮಾತಾಡದೆ ತಲೆ ಮೇಲಿನ ಟೋಪಿ ತೆಗೆದ. ಅದನ್ನ ಕಂಡಾಗಲೇ ಡೀಸೆಲ್‌ಗೆ ಗೊತ್ತಾಗಿದ್ದು. ಲೆಕ್ಕ ಹಾಕಿದವನಿಗಿಂತ ಮುಂಚೆ, ಯಂತ್ರದ ಮೈ ಮುಟ್ಟಿ ಕೆಲಸ ಮಾಡಿದವನಿಗೆ ಅದರ ನಾಡಿ ಸಿಕ್ಕಿತ್ತು.

1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಅಧಿಕೃತವಾಗಿ ಪರೀಕ್ಷೆ ಮಾಡಿದಾಗ ಎಣ್ಣೆಯ ಶಾಖದಲ್ಲಿ ಶೇ. 26.2ರಷ್ಟು ಕೆಲಸಕ್ಕೆ ಬರ್ತಿತ್ತು. ಉಗಿ ಇಂಜಿನ್ನಿನ ಎರಡು ಪಟ್ಟಿಗಿಂತ ಹೆಚ್ಚು. ಜಗತ್ತಿನ ಕಂಪನಿಗಳು ಲೈಸನ್ಸಿಗಾಗಿ ಸಾಲು ನಿಂತವು. ಡೀಸೆಲ್ ಲಕ್ಷಾಧೀಶನಾದ.

ಆದರೆ 1898ರಲ್ಲಿ ಕೆಂಪ್ಟನ್ ಊರಿನ ಬೆಂಕಿಪೊಟ್ಟಣದ ಕಾರ್ಖಾನೆಯೊಂದಕ್ಕೆ ಮಾರಿದ ಇಂಜಿನ್ ಪದೇ ಪದೇ ಕೈಕೊಟ್ಟಿತು. ಪ್ರಯೋಗಶಾಲೆಯಲ್ಲಿ ನುರಿತ ಕೈಗಳ ನಡುವೆ ಚೆನ್ನಾಗಿ ಓಡಿದ ಯಂತ್ರ ಗಿರಾಕಿಯ ಮನೆಯಲ್ಲಿ ಮುನಿಸಿಕೊಂಡು ನಿಂತಿತು. ಸೋಸುವ ಜಾಳಿಗೆ ಕಟ್ಟಿಕೊಳ್ಳುತ್ತೆ, ವಾಲ್ವು ಸೋರುತ್ತೆ, ರಿಂಗು ಅಂಟಿಕೊಳ್ಳುತ್ತೆ. ಇಂಜಿನ್ ಮಾರೋದು ಬೇರೆ, ಅದನ್ನ ದಿನಾ ತೊಳೆದು ಒರೆಸಿ ಸಾಕೋದು ಬೇರೆ ಅನ್ನೋದು ಎಲ್ಲರಿಗೂ ಅರ್ಥವಾಗೋಕೆ ವರ್ಷಗಳೇ ಹಿಡಿದವು. ಈ ನಡುವೆ ಪೇಟೆಂಟ್ ಜಗಳ, ತಲೆನೋವು, ನರದೌರ್ಬಲ್ಯ. ಡೀಸೆಲ್ ಅದೇ ವರ್ಷ ಆಸ್ಪತ್ರೆ ಸೇರಿದ.

ಯಾರೂ ಕೊಳ್ಳದ ಪುಸ್ತಕ

ಡೀಸೆಲ್‌ನ ಮೂಲ ಕನಸು ಹಡಗಲ್ಲ, ಯುದ್ಧನೌಕೆಯಂತೂ ಅಲ್ಲವೇ ಅಲ್ಲ. ದೊಡ್ಡ ಬಾಯ್ಲರು ಕಟ್ಟುವ ತಾಕತ್ತು ದೊಡ್ಡ ಬಂಡವಾಳಿಗನಿಗೆ ಮಾತ್ರ ಇತ್ತು. ಚಿಕ್ಕ ಚಿಕ್ಕ ಇಂಜಿನ್ ಸಿಕ್ಕರೆ ನೇಕಾರ, ಬಡಗಿ, ಕಮ್ಮಾರ ತಮ್ಮ ತಮ್ಮ ಊರಲ್ಲೇ ದುಡಿದು ಫ್ಯಾಕ್ಟರಿಗೆ ಎದುರು ನಿಲ್ಲಬಹುದು ಅಂತ ಆತ ನಂಬಿದ್ದ. ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಓಡಾಡಿದವರಿಗೆ ಈ ಕನಸು ಥಟ್ಟನೆ ಅರ್ಥವಾಗುತ್ತೆ.

ಆದರೆ ಆತನ ಇಂಜಿನ್ ಭಾರ, ದುಬಾರಿ. ಅದು ಹೋಗಿದ್ದು ದೊಡ್ಡವರ ಮನೆಗೇ. ಬಹುಶಃ ಆ ನೋವಿನಿಂದಲೇ 1903ರಲ್ಲಿ ಆತ ಒಂದು ಪುಸ್ತಕ ಬರೆದ, ಹೆಸರು ಸಾಲಿಡಾರಿಸ್ಮಸ್. ಕೆಲಸಗಾರರು ಪುಡಿಗಾಸು ಸೇರಿಸಿ ಒಂದು ದೊಡ್ಡ ನಿಧಿ ಕಟ್ಟಬೇಕು, ಅದರ ಜಾಮೀನಿನ ಮೇಲೆ ತಾವೇ ಕಾರ್ಖಾನೆ ನಡೆಸಬೇಕು, ಲಾಭ ತಮ್ಮಲ್ಲೇ ಹಂಚಿಕೊಳ್ಳಬೇಕು ಅನ್ನೋದು ಅದರ ತಿರುಳು. ಇಂಜಿನ್‌ಗಿಂತ ಇದೇ ತನ್ನ ದೊಡ್ಡ ಕೆಲಸ ಅಂತ ಅವನು ತಿಳಿದಿದ್ದ. ಅಚ್ಚಾಗಿದ್ದು 10,000 ಪ್ರತಿ, ಮಾರಾಟವಾಗಿದ್ದು ಕೆಲವು ನೂರು. ಮಾಲೀಕರೂ ಓದಲಿಲ್ಲ, ಕೆಲಸಗಾರರೂ ಓದಲಿಲ್ಲ.

ಸಹಕಾರಿ ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಬೆಳೆದವರಿಗೆ ಈ ಕಥೆಯ ಮುಂದಿನ ಭಾಗವೂ ಗೊತ್ತು. ಷೇರು ರೈತನದು, ಕುರ್ಚಿ ಮಾತ್ರ ಯಾವುದೋ ಮನೆತನದ್ದು. ಡೀಸೆಲ್ ಆ ಭಾಗವನ್ನ ಬರೆದಿರಲಿಲ್ಲ.

ಇಂಜಿನ್ ಮಾತ್ರ ತನ್ನ ದಾರಿ ಹಿಡಿಯಿತು. 1903ರಲ್ಲೇ ವೋಲ್ಗಾ ನದಿಯ ಎಣ್ಣೆ ಸಾಗಿಸುವ ವಾಂಡಲ್ ಅನ್ನೋ ಹಡಗಿಗೆ ಏರಿತು. 1912ರ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಹಡಗು ಕೋಪನ್‌ಹೇಗನ್ನಿನಿಂದ ಬ್ಯಾಂಕಾಕ್‌ಗೆ ಹೊರಟಿತು. 1,250 ಎಚ್‌ಪಿಯ ಎರಡು ಡೀಸೆಲ್ ಇಂಜಿನ್. ಅದಕ್ಕೆ ಹೊಗೆಕೊಳವೆಯೇ ಇರಲಿಲ್ಲ, ಹೊಗೆ ಕಂಬದೊಳಗಿಂದ ಹೋಗ್ತಿತ್ತು. ನೋಡಿದವರು ಇದು ಹೊಗೆಯೇ ಇಲ್ಲದ ಹಡಗು ಅಂದುಕೊಂಡರು. ಲಂಡನ್ನಿನಲ್ಲಿ ಅದನ್ನ ನೋಡಲು ಬಂದವರಲ್ಲಿ ಬ್ರಿಟಿಷ್ ನೌಕಾಪಡೆಯ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಕೂಡ ಒಬ್ಬ.

ಈ ವಿಷಯದಲ್ಲಿ ಡೀಸೆಲ್‌ಗೆ ಒಂದು ಸಲಾಂ ಹೊಡೆಯಲೇಬೇಕು. ಉಗಿ ಹಡಗಿನ ಹೊಟ್ಟೆಯೊಳಗೆ ಬೆಂಕಿ ಮುಂದೆ ನಿಂತು ಹಗಲು ರಾತ್ರಿ ಕಲ್ಲಿದ್ದಲು ಎತ್ತಿಹಾಕುತ್ತಿದ್ದವರಲ್ಲಿ ಸಾವಿರಾರು ಜನ ನಮ್ಮವರು, ಬ್ರಿಟಿಷರು ಲಸ್ಕರ್ ಅಂತ ಕರೆದು ಕಡಿಮೆ ಕೂಲಿ ಕೊಟ್ಟು ದುಡಿಸಿಕೊಂಡ ಭಾರತೀಯರು. ಆ ಸಲಿಕೆ ಕೆಳಗಿಡಿಸಿದ್ದು ಈ ಇಂಜಿನ್. ಆದರೆ ಇಂಜಿನ್ ರೂಮ್ ಖಾಲಿಯಾಗಲಿಲ್ಲ. ಸಲಿಕೆ ಹೋಗಿ ಸ್ಪ್ಯಾನರ್ ಬಂತು.

ನಾನು ಹಾಕಿದ ಟಿಕ್ ಮಾರ್ಕು

ಇಂದಿನ ದೊಡ್ಡ ಹಡಗಿನ ಮುಖ್ಯ ಇಂಜಿನ್ ಮೂರು ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರ. ನಿಮಿಷಕ್ಕೆ ನೂರು ಸುತ್ತಿಗಿಂತ ಕಡಿಮೆ, ನಿಧಾನಕ್ಕೆ ತಿರುಗುತ್ತೆ. ಎಣ್ಣೆಯ ಶಾಖದಲ್ಲಿ ಅರ್ಧದಷ್ಟನ್ನ ಕೆಲಸಕ್ಕೆ ತರುತ್ತೆ. ಸುಡೋದು ಹೆಚ್ಚಾಗಿ ಡಾಂಬರಿನಂಥ ಗಟ್ಟಿ ಎಣ್ಣೆ. ಅದನ್ನ ಕಾಯಿಸಿ ತೆಳುಮಾಡಿ, ಪ್ಯೂರಿಫೈಯರ್‌ನಲ್ಲಿ ತಿರುಗಿಸಿ ನೀರು, ಕೆಸರು ಬೇರೆ ಮಾಡಿ, ಆಮೇಲೆ ಇಂಜಿನ್ನಿಗೆ ಉಣಿಸಬೇಕು. ಆ ಎಣ್ಣೆಯ ಒಂದು ಹನಿ ಬಿಸಿ ಎಗ್ಸಾಸ್ಟ್ ಪೈಪಿನ ಮೇಲೆ ಬಿದ್ದರೆ ಬೆಂಕಿ. ಅದಕ್ಕೇ 220 ಡಿಗ್ರಿಗಿಂತ ಬಿಸಿಯಾಗುವ ಯಾವ ಮೈಯನ್ನೂ ಹೊದಿಕೆಯಿಲ್ಲದೆ ಬಿಡಬಾರದು, ಹೆಚ್ಚಿನ ಒತ್ತಡದ ಎಣ್ಣೆ ಪೈಪಿಗೆ ಎರಡು ಪದರ ಇರಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ.

ಇಂಥ ನಿಯಮಗಳನ್ನ ಯಾರೂ ಎಸಿ ರೂಮಿನಲ್ಲಿ ಕೂತು ಕನಸು ಕಂಡು ಬರೆದಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ರೇನಾ ಡೆಲ್ ಪೆಸಿಫಿಕೋ ಹಡಗನ್ನ ದುರಸ್ತಿ ಮಾಡಿ ಪರೀಕ್ಷೆಗೆ ಸಮುದ್ರಕ್ಕಿಳಿಸಿದ್ದರು. ಇಂಜಿನ್ನಿನ ಒಳಗೆ ಒಂದು ಕಡೆ ಅತಿಯಾಗಿ ಕಾದು, ಎಣ್ಣೆ ಮಂಜಿನಂತೆ ತುಂಬಿಕೊಂಡು ಸಿಡಿಯಿತು. 28 ಜನ ಸತ್ತರು. ಇವತ್ತು ನಮ್ಮ ಕ್ರ್ಯಾಂಕ್‌ಕೇಸಿನ ಮೇಲೆ ಒತ್ತಡ ಬಿಡುವ ವಾಲ್ವು, ಎಣ್ಣೆಯ ಮಂಜು ಕಂಡರೆ ಕೂಗುವ ಅಲಾರಂ ಇರೋದರ ಹಿಂದೆ ಇಂಥ ಸಾವುಗಳಿವೆ.

ಈಗ ನನ್ನ ಕಥೆ. ಆಗ ನಾನು ಫೋರ್ತ್ ಇಂಜಿನಿಯರ್, ಹೊಸಬ. ಹಡಗು, ಕಂಪನಿಯ ಹೆಸರು ಇಲ್ಲಿ ಬೇಡ. ಪಿಸ್ಟನ್ನಿನ ಕೆಳಗೆ, ಗಾಳಿ ಒಳಗೆ ಹೋಗುವ ಕಡೆ, ಸ್ಕ್ಯಾವೆಂಜ್ ಸ್ಪೇಸ್ ಅಂತ ಒಂದು ಜಾಗ ಇದೆ. ಸುಡದ ಎಣ್ಣೆ, ಮಸಿ ಅಲ್ಲಿ ಜಿಗುಟಾಗಿ ಕೂರುತ್ತೆ. ಕಾಲಕಾಲಕ್ಕೆ ಒಳಗೆ ತೂರಿ ಕೆರೆದು ತೆಗೀಬೇಕು. ಅದಕ್ಕೆ ಇಂಜಿನ್ ನಿಂತು ತಣ್ಣಗಾಗಬೇಕು, ಆರೇಳು ಗಂಟೆ ಬೇಕು. ಆ ಬಂದರಿನಲ್ಲಿ ಹಡಗು ನಿಲ್ಲುವ ಹೊತ್ತನ್ನ ಕಡಿತ ಮಾಡಿದರು. ಕೆಲಸ ಆಗಲಿಲ್ಲ. ಆದರೆ ಕಂಪ್ಯೂಟರ್‌ನಲ್ಲಿ ಆಯ್ತು ಅಂತ ತೋರಿಸಬೇಕಿತ್ತು, ಇಲ್ಲದಿದ್ದರೆ ಆಫೀಸಿನಿಂದ ಪ್ರಶ್ನೆ ಬರುತ್ತೆ. ಮೇಲಿನವರು ಹೇಳಿದರು, ನಾನು ಟಿಕ್ ಹಾಕಿದೆ. ಮೊದಲ ಕಾಂಟ್ರಾಕ್ಟು, ಊರಲ್ಲಿ ಸಾಲ, ಅಪ್ಪನ ಕಬ್ಬಿನ ಬಿಲ್ಲು ಬಾಕಿ. ಇಲ್ಲ ಅನ್ನೋ ಧೈರ್ಯ ನನಗಿರಲಿಲ್ಲ.

ಮೂರು ವಾರದ ನಂತರ ನಡುಸಮುದ್ರದಲ್ಲಿ, ರಾತ್ರಿ ಪಾಳಿಯಲ್ಲಿ, ಐದನೇ ಸಿಲಿಂಡರಿನ ಉಷ್ಣಾಂಶ ಏರತೊಡಗಿತು. ಟರ್ಬೋಚಾರ್ಜರ್ ಬೊಗಳಿದಂಗೆ ಸದ್ದು ಮಾಡ್ತು. ಒಳಗೆ ಬೆಂಕಿ ಹತ್ತಿತ್ತು. ವೇಗ ಇಳಿಸಿ, ಆ ಸಿಲಿಂಡರಿಗೆ ಎಣ್ಣೆ ನಿಲ್ಲಿಸಿ, ಕೀಲೆಣ್ಣೆ ಹೆಚ್ಚಿಸಿ, ಬಾಗಿಲು ಮಾತ್ರ ತೆರೆಯದೆ ಕಾಯಬೇಕು. ತೆರೆದರೆ ಗಾಳಿ ನುಗ್ಗಿ ಸ್ಫೋಟ. ಎಲ್ಲ ನಿಯಮದಂತೆ ಮಾಡಿದೆವು. ಬೆಂಕಿ ಆರಿತು. ಆದರೆ ಮೊದಲ ಗಡಿಬಿಡಿಯಲ್ಲಿ ಡ್ರೈನ್ ಕಾಕ್ ನೋಡಲು ಹೋದ ಮೋಟರ್‌ಮನ್ ಮುಂಗೈ ಮೇಲೆ ಉರಿಯುವ ಎಣ್ಣೆ ಬಿತ್ತು. ಕೊಂಕಣದ ಕಡೆಯವರು, ಅಪ್ಪನ ವಯಸ್ಸಿನವರು, ನಾವೆಲ್ಲ ಚಾಚಾ ಅಂತಿದ್ದೆವು. ವರದಿಯಲ್ಲಿ ಬಂದದ್ದು ಅವರು ಉದ್ದ ಗ್ಲೌಸ್ ಹಾಕಿರಲಿಲ್ಲ ಅನ್ನೋ ಮಾತು. ನನ್ನ ಟಿಕ್ ಮಾರ್ಕಿನ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇವತ್ತು ಮೊದಲ ಸಲ ಬರೀತಾ ಇದ್ದೀನಿ.

2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾಲಿ ಹಡಗು ಕರೆಂಟ್ ಕಳೆದುಕೊಂಡು ಸೇತುವೆಗೆ ಗುದ್ದಿದಾಗ ಸೇತುವೆ ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ಆರು ಜನ ವಲಸೆ ಕಾರ್ಮಿಕರು ಸತ್ತರು. ಹಡಗಿನವರಲ್ಲಿ ಬಹುಪಾಲು ಭಾರತೀಯರು. ನಮ್ಮ ಸೋಷಿಯಲ್ ಮೀಡಿಯಾದಲ್ಲೇ ಅವರನ್ನ ಗೇಲಿ ಮಾಡುವ ಕಾರ್ಟೂನು ಓಡಾಡಿದವು. ತನಿಖೆ ಮುಗಿದಾಗ ಸಿಕ್ಕಿದ್ದೇನು? ಸರಿಯಾಗಿ ಕೂರದೆ ಸಡಿಲವಾಗಿದ್ದ ಒಂದು ವೈರು. ಜೊತೆಗೆ, ಜನರೇಟರ್‌ಗಳ ಡೀಸೆಲ್ ಇಂಜಿನ್ನಿಗೆ ಎಣ್ಣೆ ಕೊಡಲು ಆ ಕೆಲಸಕ್ಕೆ ಅಲ್ಲದ ಪಂಪನ್ನ ಬಳಸುತ್ತಿದ್ದರು. ಕರೆಂಟ್ ಹೋದರೆ ಅದು ತಾನಾಗಿ ಮತ್ತೆ ಶುರುವಾಗುವಂಥದ್ದಲ್ಲ. ದೊಡ್ಡ ದುರಂತದ ಬುಡದಲ್ಲಿ ಸಣ್ಣ ಮೇಂಟೆನೆನ್ಸ್. ಆ ಸುದ್ದಿ ಓದಿದ ದಿನ ನನಗೆ ಚಾಚಾನ ಕೈ ನೆನಪಾಯ್ತು.

ಲೆಕ್ಕಕ್ಕೆ ಸಿಗದ ಹೊಗೆ

ಡೀಸೆಲ್ ಎಣಿಸಿದ್ದು ಕೆಲಸಕ್ಕೆ ಬಂದ ಶಾಖವನ್ನ. ಕೊಳವೆಯಿಂದ ಹೊರಗೆ ಹೋದದ್ದನ್ನ ಆ ಕಾಲದಲ್ಲಿ ಯಾರೂ ಎಣಿಸಲಿಲ್ಲ. ಸಿಕ್ಕಾಪಟ್ಟೆ ಬಿಸಿಯಲ್ಲಿ ಗಾಳಿಯೊಳಗಿನ ಸಾರಜನಕ ಮತ್ತು ಆಮ್ಲಜನಕ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತೆ. ಇದಕ್ಕೆ ಬಣ್ಣವಿಲ್ಲದ ಹೊಗೆಯೂ ಸಾಕು. ಇಂಜಿನ್ ಎಷ್ಟು ಚೆನ್ನಾಗಿ ಸುಟ್ಟರೆ ಅಷ್ಟು ಇದು ಹೆಚ್ಚು. ಬಿಸಿ ಇಳಿಸಿದರೆ ಮಸಿ ಹೆಚ್ಚು. ಅಂದ್ರೆ ಡೀಸೆಲ್‌ನ ಜಾಣತನದ ಒಳಗೇ ಈ ತೊಡಕು ಕೂತಿದೆ. ಗಟ್ಟಿ ಎಣ್ಣೆಯಲ್ಲಿನ ಗಂಧಕ ಬೇರೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿತು. ಅದನ್ನ ಮೊದಲು ಕುಡಿಯುವವರು ಇಂಜಿನ್ ರೂಮಿನವರು, ಆಮೇಲೆ ಬಂದರಿನ ಸುತ್ತಲಿನ ಕೇರಿಯವರು.

ನಿಯಮ ಬಂದಿಲ್ಲ ಅಂತಲ್ಲ. ಹಡಗಿನ ಹೊಗೆಯ ಬಗ್ಗೆ ಮಾರ್ಪೋಲ್ ಒಪ್ಪಂದದ ಆರನೇ ಅನುಬಂಧ 1997ರಲ್ಲಿ ಒಪ್ಪಿಗೆಯಾಗಿ 2005ರಲ್ಲಿ ಜಾರಿಗೆ ಬಂತು. 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ ಶೇ. 3.50ರಿಂದ ಶೇ. 0.50ಕ್ಕೆ ಇಳಿಯಿತು. ದೊಡ್ಡ ಗೆಲುವೇ. ಆದರೆ ನಮ್ಮ ಪೆಟ್ರೋಲ್ ಬಂಕಿನ ಬಿಎಸ್-6 ಡೀಸೆಲ್ ಜೊತೆ ಹೋಲಿಸಿ ನೋಡಿ: ಅದರಲ್ಲಿ ಗಂಧಕ ಹೆಚ್ಚೆಂದರೆ ಹತ್ತು ಲಕ್ಷಕ್ಕೆ 10 ಭಾಗ. ಹಡಗಿಗೆ ಈಗಲೂ 5,000 ಭಾಗದವರೆಗೆ ಪರವಾನಗಿ ಇದೆ. 500 ಪಟ್ಟು.

ಇದಕ್ಕಿಂತ ನನ್ನನ್ನ ಚುಚ್ಚೋದು ಬೇರೆ. ಉತ್ತರ ಅಮೆರಿಕದ ಕರಾವಳಿ, ಬಾಲ್ಟಿಕ್, ಉತ್ತರ ಸಮುದ್ರ, ಮತ್ತು 2025ರ ಮೇ ತಿಂಗಳಿಂದ ಮೆಡಿಟರೇನಿಯನ್, ಇವು ಕಟ್ಟುನಿಟ್ಟಿನ ವಲಯಗಳು. ಅಲ್ಲಿ ಗಂಧಕ ಶೇ. 0.10 ಮೀರಬಾರದು. ಆ ಗಡಿ ಬರುವ ಮೊದಲೇ ನಾವು ಟ್ಯಾಂಕ್ ಬದಲಿಸಿ ಶುದ್ಧ ಎಣ್ಣೆಗೆ ಹೋಗ್ತೀವಿ, ಹೊತ್ತು, ಜಾಗ ಎಲ್ಲ ಲಾಗ್‌ಬುಕ್ಕಿನಲ್ಲಿ ಬರೀತೀವಿ. ಹೊಸ ಹಡಗಾದರೆ ಯೂರಿಯಾ ಚಿಮುಕಿಸಿ ನೈಟ್ರೋಜನ್ ಆಕ್ಸೈಡ್ ಮುರಿಯುವ ಯಂತ್ರವನ್ನೂ ಚಾಲೂ ಮಾಡ್ತೀವಿ. ಗಡಿ ದಾಟಿ ಹೊರಬಂದ ಮೇಲೆ ಆ ಯಂತ್ರ ಬಂದ್, ಮತ್ತೆ ಅಗ್ಗದ ಎಣ್ಣೆ. ಅರಬ್ಬೀ ಸಮುದ್ರ ಅಂಥ ವಲಯ ಅಲ್ಲ. ಮಂಗಳೂರು, ಮಲ್ಪೆ, ಕಾರವಾರದ ಮುಂದೆ ಹಾಯುವಾಗ ಅದೇ ಹಡಗು, ಅದೇ ಇಂಜಿನ್, ಅದೇ ನಾನು. ಬದಲಾಗೋದು ಹೊಗೆ ಮಾತ್ರ. ಶುದ್ಧ ಮಾಡುವ ಯಂತ್ರ ನಮ್ಮ ಹತ್ತಿರ ಇದ್ದೂ ಅದನ್ನ ಆಫ್ ಮಾಡಿ ನಮ್ಮವರ ಮುಂದೆ ಹಾದುಹೋಗ್ತೀವಿ. ಇದು ತಂತ್ರಜ್ಞಾನದ ಕೊರತೆ ಅಲ್ಲ, ಯಾರ ಉಸಿರಿಗೆ ಎಷ್ಟು ಬೆಲೆ ಅನ್ನೋ ರಾಜಕಾರಣ. ನಮ್ಮ ಕರಾವಳಿಯ ಎಂಪಿಗಳು ಇದನ್ನ ಒಂದು ಬೇಡಿಕೆಯಾಗಿ ಎತ್ತಬೇಕು ಅಂತ ನೀವು ಯಾಕೆ ಕೇಳಬಾರದು?

ಕಾಗದದ ಮೇಲಿನ ಸುಳ್ಳು ಹಡಗಿನೊಳಗೆ ಮಾತ್ರ ನಡೆಯುತ್ತೆ ಅಂದುಕೊಳ್ಳಬೇಡಿ. ಡೀಸೆಲ್ ತನ್ನ ಮೊದಲ ಇಂಜಿನ್ ಕಟ್ಟಿದ ಆಗ್ಸ್‌ಬರ್ಗ್ ಕಾರ್ಖಾನೆಯ ವಾರಸುದಾರ ಕಂಪನಿ ಮ್ಯಾನ್, ಹಡಗಿನ ಕೆಲವು ಇಂಜಿನ್ನುಗಳ ಪರೀಕ್ಷೆಯಲ್ಲಿ ಎಣ್ಣೆ ಖರ್ಚಿನ ಅಂಕಿ ತಿದ್ದಲಾಗಿತ್ತು ಅಂತ 2011ರಲ್ಲಿ ತಾನೇ ಬಹಿರಂಗ ಮಾಡಿತು, ಆಮೇಲೆ ದಂಡವನ್ನೂ ಕಟ್ಟಿತು. ಕೆಳಗಿನವನ ಟಿಕ್ ಮಾರ್ಕಿಗೆ ಭಯ ಕಾರಣ, ಮೇಲಿನವರ ಟಿಕ್ ಮಾರ್ಕಿಗೆ ಲಾಭ.

ಶೇಂಗಾ ಎಣ್ಣೆಯಿಂದ ಕಾಕಂಬಿವರೆಗೆ

1900ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿ ಒಂದು ಕಂಪನಿ ಚಿಕ್ಕ ಡೀಸೆಲ್ ಇಂಜಿನ್ನನ್ನ ಶೇಂಗಾ ಎಣ್ಣೆಯ ಮೇಲೆ ಓಡಿಸಿ ತೋರಿಸಿತು. ಫ್ರೆಂಚ್ ಸರ್ಕಾರಕ್ಕೆ ಆಫ್ರಿಕಾದ ವಸಾಹತುಗಳಲ್ಲಿ ಬೆಳೆಯುವ ಶೇಂಗಾದಿಂದ ಅಲ್ಲೇ ಇಂಧನ ಮಾಡುವ ಆಸೆ ಇತ್ತು. ಡೀಸೆಲ್‌ಗೂ ಈ ವಿಚಾರ ಹಿಡಿಸಿತ್ತು, ಮುಂದೆ ಭಾಷಣಗಳಲ್ಲೂ ಅದನ್ನ ಎತ್ತಿದ. ಹೊಲದಿಂದ ಇಂಧನ ಅನ್ನೋದು ನಾವು ಇವತ್ತು ಕಂಡುಹಿಡಿದದ್ದಲ್ಲ.

ಸಮೀರವಾಡಿಯಲ್ಲಿ ಕಾಕಂಬಿಯಿಂದ, ಕಬ್ಬಿನ ಹಾಲಿನಿಂದ ಎಥೆನಾಲ್ ಆಗುತ್ತೆ, ಪೆಟ್ರೋಲಿಗೆ ಶೇ. 20ರವರೆಗೆ ಬೆರೆಯುತ್ತೆ. ಮೆಥನಾಲ್ ಸುಡುವ ಹಡಗುಗಳು ಆಗಲೇ ಓಡ್ತಿವೆ, ಎಥೆನಾಲ್ ಬೆರೆಸುವ ಪ್ರಯೋಗಗಳೂ ಶುರುವಾಗಿವೆ. ನಮ್ಮೂರ ಕಬ್ಬು ಒಂದು ದಿನ ನನ್ನ ಇಂಜಿನ್ನಿಗೇ ಬರಬಹುದು, ಬಂದರೆ ನನಗೆ ಖುಷಿಯೇ. ಆದರೆ 2025ರ ಅಕ್ಟೋಬರ್‌ನಲ್ಲಿ ಹಡಗುಗಳ ಇಂಗಾಲಕ್ಕೆ ಬೆಲೆ ಕಟ್ಟುವ ಜಾಗತಿಕ ಒಪ್ಪಂದವನ್ನ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಒಂದು ವರ್ಷ ಮುಂದೂಡಿತು. ದೊಡ್ಡವರಿಗೆ ಅವಸರವಿಲ್ಲ.

ಕಟ್ಟೆ ಮೇಲಿನ ಹುಡುಗರಿಗೆ ನಾನು ಹೇಳಬೇಕಿದ್ದದ್ದು ಇಷ್ಟು. ಎಣ್ಣೆ ಬದಲಾದರೆ ಗಂಧಕ ಹೋಗಬಹುದು. ಎಥೆನಾಲ್, ಮೆಥನಾಲ್ ಬಂದರೆ ಹೊಸ ಸೋರಿಕೆ, ಹೊಸ ವಿಷ, ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ಹೊಸ ಬೆಂಕಿ ಬರುತ್ತೆ. ಆಗಲೂ ಒಬ್ಬ ಚಾಚಾ ಡ್ರೈನ್ ಕಾಕ್ ಹತ್ತಿರ ಹೋಗಬೇಕು. ಅವನಿಗೆ ಆರು ಗಂಟೆ ಕೊಡ್ತೀರಾ, ಇಲ್ವಾ? ಕೆಲಸ ಆಗಿಲ್ಲ ಅಂತ ಹೇಳೋಕೆ ಬಿಡ್ತೀರಾ, ಇಲ್ವಾ? ಹೊಸ ಇಂಧನದ ಜೊತೆ ಈ ಎರಡು ಪ್ರಶ್ನೆ ಕೇಳದ ಹಸಿರು ಮಾತನ್ನ ನಾನು ನಂಬೋದಿಲ್ಲ.

ಸೆಪ್ಟೆಂಬರ್ 29ರ ರಾತ್ರಿ

1913ರ ಹೊತ್ತಿಗೆ ಡೀಸೆಲ್ ಲೋಕಕ್ಕೆಲ್ಲ ಗೊತ್ತಿದ್ದ ಹೆಸರು. ಒಳಗೆ ಮಾತ್ರ ದಿವಾಳಿ. ಭೂಮಿ ವ್ಯವಹಾರದಲ್ಲಿ, ಎಣ್ಣೆ ಬಾವಿಗಳಲ್ಲಿ ಹಾಕಿದ ದುಡ್ಡು ಮುಳುಗಿತ್ತು. ಮ್ಯೂನಿಕ್‌ನ ದೊಡ್ಡ ಬಂಗಲೆ ಮಾತ್ರ ಹೊರಗಿನವರ ಕಣ್ಣಿಗೆ ಹಾಗೇ ನಿಂತಿತ್ತು. ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಂನ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡನ್ ಹಡಗು ಹತ್ತಿದ. ಅದು ಉಗಿ ಹಡಗು. ಜೊತೆಗಾರರ ಜೊತೆ ಊಟ ಮಾಡಿದ, ಬೆಳಿಗ್ಗೆ 6:15ಕ್ಕೆ ಎಬ್ಬಿಸಲು ಹೇಳಿ ಕೋಣೆಗೆ ಹೋದ. ಬೆಳಿಗ್ಗೆ ನೋಡಿದರೆ ಹಾಸಿಗೆ ಮಡಿಕೆ ಮುರಿದಿರಲಿಲ್ಲ. ಟೋಪಿ ಮತ್ತು ಮೇಲಂಗಿ ಹಡಗಿನ ಹಿಂಬದಿ ಕಟಕಟೆಯ ಹತ್ತಿರ ಸಿಕ್ಕವು. ಹತ್ತಾರು ದಿನದ ನಂತರ ಡಚ್ ದೋಣಿಯೊಂದಕ್ಕೆ ಒಂದು ಶವ ಸಿಕ್ಕಿತು. ಜೇಬಿನ ಸಾಮಾನು ತೆಗೆದುಕೊಂಡು ಶವವನ್ನ ಮತ್ತೆ ನೀರಿಗೆ ಬಿಟ್ಟರು. ಆ ಸಾಮಾನು ನೋಡಿ ಮಗ ಆಯ್ಗನ್ ಅಪ್ಪನದೇ ಅಂತ ಗುರುತಿಸಿದ. ಬ್ರಿಟಿಷರಿಗೆ ರಹಸ್ಯ ಮಾರಲು ಹೊರಟವನನ್ನ ಕೊಂದರು, ಎಣ್ಣೆ ಕಂಪನಿಗಳು ಮುಗಿಸಿದವು ಅಂತೆಲ್ಲ ಕಥೆ ಹುಟ್ಟಿದವು, ಯಾವುದಕ್ಕೂ ಪುರಾವೆ ಇಲ್ಲ. ಸಾಲದ ಪುಸ್ತಕ ಮಾತ್ರ ನಿಜ. ನಮ್ಮ ಕಡೆಯ ಓದುಗರಿಗೆ ಸಾಲ ಅನ್ನೋ ಕಾರಣವನ್ನ ಬಿಡಿಸಿ ಹೇಳಬೇಕಿಲ್ಲ.

ಆತನ ಇಂಜಿನ್ ಉಳಿಯಿತು, ಪುಸ್ತಕ ಮುಳುಗಿತು. ಕೆಲಸಗಾರನ ಕೈಗೆ ಯಂತ್ರದ ಜೊತೆ ಹಕ್ಕೂ ಬರಬೇಕು ಅನ್ನೋದನ್ನ ಆತ ಕಂಡಿದ್ದ, ಅದನ್ನ ಕಟ್ಟೋದು ಹೇಗೆ ಅಂತ ಅವನಿಗೆ ತಿಳಿಯಲಿಲ್ಲ. ಅದು ಒಬ್ಬನೇ ಕೂತು ಬರೆದ ಪುಸ್ತಕದಿಂದ ಆಗುವ ಕೆಲಸವೂ ಅಲ್ಲ.

ಮುಂದಿನ ತಿಂಗಳು ನಾನು ಮತ್ತೆ ಹಡಗು ಹತ್ತುತ್ತೀನಿ. ಈಗ ನಾನು ಸೆಕೆಂಡ್ ಇಂಜಿನಿಯರ್. ಕೆಲಸ ಹಂಚೋದು, ಹುಡುಗರು ಹಾಕಿದ ಟಿಕ್ ಮಾರ್ಕ್ ನೋಡಿ ಒಪ್ಪಿಗೆ ಕೊಡೋದು ನನ್ನ ಪಾಲು. ಬಂದರಿನಲ್ಲಿ ಹೊತ್ತು ಸಿಗದೇ ಇದ್ದರೆ ಸಿಗಲಿಲ್ಲ ಅಂತಲೇ ಬರೆಯಬೇಕು, ಆಫೀಸಿನ ಫೋನು ನನಗೆ ಬರಲಿ ಅಂತ ಹೊಸ ಫೋರ್ತ್ ಇಂಜಿನಿಯರ್‌ಗೆ ಮೊದಲ ದಿನವೇ ಹೇಳೋದು ಅಂತ ತೀರ್ಮಾನ ಮಾಡಿದ್ದೀನಿ. ಇದರಿಂದ ನನ್ನ ಮುಂದಿನ ಕಾಂಟ್ರಾಕ್ಟ್ ಹೋದರೂ ಹೋಗಬಹುದು. ಅಪ್ಪನಿಗೆ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಬಾವಿ ಮೇಲಿನ ಹಳೇ ಇಂಜಿನ್ನಿನ ಫಿಲ್ಟರ್ ಬಿಚ್ಚಿ ತೊಳೀತಾ ಕೂತಿದ್ದ, ಹಿಡ್ಕೋ ಅಂತ ಒಂದು ನಟ್ಟು ನನ್ನ ಕೈಗೆ ಕೊಟ್ಟ.